ನೀರು ಕೊಟ್ರೆ ಸಾಯೋ ಗಿಡ

ಬೆಂಗಳೂರಿನಲ್ಲಿ ಎರಡು ಪುಟ್ಟೇನಹಳ್ಳಿಗಳಿವೆ. ಒಂದು ಜೆ.ಪಿ.ನಗರದ ಪಕ್ಕದ್ದು, ಇನ್ನೊಂದು ಯಲಹಂಕದ್ದು. ಎರಡೂ ಕಡೆ ಕೆರೆ ಇದೆ, ಎರಡು ಕೆರೆಗಳಿಗೂ ಅದೇ ಹೆಸರು. ಮನೆಗೆ ಬರ್ತೀವಿ ಅಂದ ನೆಂಟರು ಊರಿನ ಆ ತುದಿಗೆ ಹೋಗಿ ನಿಂತು ಫೋನ್ ಮಾಡುವುದು ನಮಗೆ ಮಾಮೂಲಾಗಿಬಿಟ್ಟಿದೆ. ನಮ್ಮದು ಯಲಹಂಕದ ಪುಟ್ಟೇನಹಳ್ಳಿ, ದೊಡ್ಡಬಳ್ಳಾಪುರ ರಸ್ತೆಯ ಕಡೆಯದು. ಇಲ್ಲಿನ ಕೆರೆಯನ್ನು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ ಅಂತ ಸರ್ಕಾರ ಘೋಷಿಸಿತು. ಹಕ್ಕಿಗಳಿಗೆ ಕೆರೆ ಇದೆ. ಮನುಷ್ಯರಿಗೆ ಮಾತ್ರ ಬೇಸಿಗೆ ಬಂತೆಂದರೆ ಬೋರ್‌ವೆಲ್ಲು, ಸಂಪು, ಟ್ಯಾಂಕರು ಇವುಗಳದ್ದೇ ಜಪ.

ಇಂಥಾ ಜಾಗದಲ್ಲಿ ಕುಂಡದಲ್ಲಿ ಗಿಡ ಸಾಕುವವರು ಕೊನೆಗೆ ಬಂದು ನಿಲ್ಲುವುದು ಸಕ್ಯುಲೆಂಟ್‌ಗಳ ಹತ್ತಿರ. ಎಲೆಯಲ್ಲೋ ಕಾಂಡದಲ್ಲೋ ನೀರು ಕೂಡಿಟ್ಟುಕೊಂಡು ದಪ್ಪಗೆ ಇರುವ ಗಿಡಗಳು ಇವು. ಹೆಸರು ಹೊಸದಾದರೂ ಜಾತಿ ನಮಗೆ ಹೊಸದೇನಲ್ಲ. ಲೋಳೆಸರ ಸಕ್ಯುಲೆಂಟು. ಬೇಲಿಯ ಕಳ್ಳಿ ಸಕ್ಯುಲೆಂಟು. ಪಾಪಸುಕಳ್ಳಿ, ಕತ್ತಾಳೆ, ತಂಬುಳಿಗೆ ಹಾಕುವ ದೊಡ್ಡಪತ್ರೆ, ಕಾಡುಬಸಳೆ ಎಲ್ಲವೂ ಅದೇ ಕುಲದ ರೂಢಿಯವು. ರಾತ್ರಿ ಅರಳಿ ಅಕ್ಕಪಕ್ಕದವರನ್ನೆಲ್ಲ ಎಬ್ಬಿಸುವ ನಮ್ಮ "ಬ್ರಹ್ಮಕಮಲ" ಕೂಡ ಮೆಕ್ಸಿಕೋ ಕಡೆಯ ಕಾಡಿನ ಒಂದು ಕಳ್ಳಿಯೇ. ಹಿಮಾಲಯದ ಬ್ರಹ್ಮಕಮಲಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ.

ಇವುಗಳಿಗೆ ನೀರು ಹಾಕುವುದು ಹೇಗೆ ಅನ್ನುವುದು ಒಂದು ಪೋಸ್ಟ್ ಬರೆಯುವಷ್ಟು ದೊಡ್ಡ ವಿಷಯವಾ ಅಂತ ನೀವು ಕೇಳಬಹುದು. ನಮ್ಮ ಮನೆಯಲ್ಲಿ ಆಯಿತು. ಯಾಕೆಂದರೆ ನಮ್ಮ ಮನೆಯಲ್ಲಿ ನೀರು ಹಾಕುವುದು ಅಮ್ಮ.

ಅಪ್ಪ ಹೋದ ಮೇಲೆ, 2022ರಲ್ಲಿ, ಅಮ್ಮ ತೀರ್ಥಹಳ್ಳಿ ಕಡೆಯಿಂದ ನಮ್ಮಲ್ಲಿಗೆ ಬಂದಳು. ಅಡಿಕೆ ತೋಟ ಈಗ ಚಿಕ್ಕಪ್ಪನ ಸುಪರ್ದಿಯಲ್ಲಿದೆ. ಆಗುಂಬೆಯ ಮಗ್ಗುಲಿನ ಊರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ; ಬೆಂಗಳೂರಿನಲ್ಲಿ ಹೆಚ್ಚೂಕಡಿಮೆ 1000 ಮಿ.ಮೀ. ಏಳು ಪಾಲಿನ ಊರಿಂದ ಒಂದು ಪಾಲಿನ ಊರಿಗೆ ಬಂದವಳು ಅವಳು. ಅಡುಗೆಮನೆ ನನ್ನದು, ಟೀವಿ ರಿಮೋಟು ಮೊಮ್ಮಗಳದ್ದು, ದೇವರ ಮನೆ ಅಂದರೆ ಗೋಡೆಗೆ ಹೊಡೆದ ಒಂದು ಪೆಟ್ಟಿಗೆ. ಮೂರನೇ ಮಹಡಿಯಲ್ಲಿ ಅವಳು ತನ್ನದು ಅಂತ ಹಿಡಿದುಕೊಂಡ ಕೆಲಸ ಒಂದೇ: ಬೆಳಗ್ಗೆ ಆರಕ್ಕೆ ಎದ್ದು, ಸ್ನಾನ ಮುಗಿಸಿ, ಚೊಂಬು ಹಿಡಿದು ಬಾಲ್ಕನಿಯ ಗಿಡಗಳಿಗೆ ನೀರು ಹಾಕುವುದು. ತುಳಸಿಗೆ ಶುರು, ದಾಸವಾಳಕ್ಕೆ ಎರಡು ಚೊಂಬು, ಮಲ್ಲಿಗೆಗೆ ಒಂದು, ಹೀಗೆ. ಹಾಕುತ್ತಾ ಒಂದೊಂದು ಗಿಡದ ಹತ್ತಿರವೂ ಏನೋ ಮಾತು. ಅಪ್ಪನ ಹೆಸರು ಕೂಡ ಆಗಾಗ ಕೇಳಿಸುತ್ತಿತ್ತು.

ಊರಿಂದ ಬರುವಾಗ ಅವಳು ತಂದ ಗಿಡ ಒಂದೇ, ಅದೂ ಗಿಡವಲ್ಲ, ಎಲೆ. ಅಪ್ಪ ಅಂಗಳದ ಕಟ್ಟೆಯ ಮೇಲೆ ಬೆಳೆಸಿದ್ದ ಕಾಡುಬಸಳೆಯ ನಾಲ್ಕು ಎಲೆಗಳನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಿದ್ದಳು. ಶಾಲೆಯ ವಿಜ್ಞಾನದ ಪಾಠದಲ್ಲಿ ನಾವೆಲ್ಲ ಓದಿದ್ದೇವಲ್ಲ, ಎಲೆಯ ಅಂಚಿನಲ್ಲೇ ಮರಿ ಬರುವ ಬ್ರಯೋಫಿಲಮ್, ಅದೇ ಇದು. ಚೀಲ ಬಿಚ್ಚಲು ಹತ್ತು ಹನ್ನೆರಡು ದಿನವೇ ಆಗಿತ್ತು. ಬಿಚ್ಚಿದರೆ ಎಲೆಗಳ ಅಂಚಿನ ಕಚ್ಚುಗಳಲ್ಲಿ ಸಾಸಿವೆಯಷ್ಟು ಗಾತ್ರದ ಮರಿಗಳು, ಕೂದಲೆಳೆಯಂಥ ಬೇರುಗಳು! ಒಂದು ಹನಿ ನೀರಿಲ್ಲ, ಮಣ್ಣಿಲ್ಲ. "ನೋಡು, ನಿನ್ನಪ್ಪನ ಹಾಗೇ ಹಟಮಾರಿ" ಅಂದಳು ಅಮ್ಮ.

ಅದೇ ಹೊತ್ತಿಗೆ ನನಗೆ ಯಾರೋ ಹುಟ್ಟುಹಬ್ಬಕ್ಕೆ ಅಂತ ಒಂದು ಎಚೆವೇರಿಯಾ ಕೊಟ್ಟರು. ಕಲ್ಲಿನ ಗುಲಾಬಿಯಂತೆ ಕಾಣುವ ಗಿಡ. ಬಿಳಿ ಪಿಂಗಾಣಿ ಬಟ್ಟಲು, ಮೇಲೆ ಬಣ್ಣದ ಕಲ್ಲುಗಳು, ಕಲ್ಲುಗಳನ್ನು ಅಂಟು ಹಾಕಿ ಗಟ್ಟಿ ಮಾಡಿದ್ದರು. ಬಟ್ಟಲಿನ ತಳಕ್ಕೆ ತೂತೇ ಇಲ್ಲ. ಜೊತೆಗಿದ್ದ ಚೀಟಿಯಲ್ಲಿ "ವಾರಕ್ಕೆ ಎರಡು ಚಮಚ ನೀರು" ಅಂತ ಬರೆದಿತ್ತು. ಅಮ್ಮನ ಲೆಕ್ಕದಲ್ಲಿ ಚಮಚದಲ್ಲಿ ನೀರು ಕೊಡುವುದು ಯಾರಿಗೆ, ಯಾವಾಗ ಅಂತ ನಿಮಗೆ ಗೊತ್ತೇ ಇದೆ. ಅವಳಿಗೆ ಅದು ಸರಿ ಕಾಣಲಿಲ್ಲ. ದಿನಾ ಬೆಳಗ್ಗೆ ಚೊಂಬಿನಿಂದ ಒಂದಿಷ್ಟು ಅದಕ್ಕೂ ಹೋಯಿತು. ಮೂರನೇ ವಾರ ಕೆಳಗಿನ ಎಲೆಗಳು ಗಾಜಿನಂತೆ ಪಾರದರ್ಶಕವಾದವು. ಮುಟ್ಟಿದರೆ ಕೈಗೇ ಬಂದವು. ನಡುವಿನ ಕಾಂಡ ಕಪ್ಪಾಗಿ ಮೆತ್ತಗಾಗಿತ್ತು.

ಅಮ್ಮ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. "ಎಂತ ಗಿಡವೇ ಮಾರಾಯ್ತಿ ಇದು? ನೀರು ಕೊಟ್ರೆ ಸಾಯ್ತದಲ್ಲ!"

ನಗು ಬರುವ ಮಾತು. ಆದರೆ ಆಮೇಲೆ ಎರಡು ದಿನ ಅವಳು ಬಾಲ್ಕನಿಗೇ ಹೋಗಲಿಲ್ಲ. ತುಳಸಿಗೂ ನೀರು ನಾನೇ ಹಾಕಿದೆ. ಆಗ ನನಗೆ ಇದು ಗಿಡದ ಸಮಸ್ಯೆ ಮಾತ್ರ ಅಲ್ಲ ಅನ್ನಿಸಿತು. "ಅಮ್ಮಾ, ಇವಕ್ಕೆ ನೀರು ಹಾಕಬೇಡ" ಅಂದರೆ ಅವಳ ಕೈಯಿಂದ ಚೊಂಬು ಕಿತ್ತುಕೊಂಡ ಹಾಗೆ. ಹೇಳದೇ ಇದ್ದರೆ ಮುಂದಿನ ಸರದಿ ಅಪ್ಪನ ಕಾಡುಬಸಳೆಯದ್ದು. ಹಾಗಾಗಿ ಗಿಡ ನಿಜಕ್ಕೂ ಸಾಯುವುದು ಯಾತಕ್ಕೆ ಅಂತ ಓದಲು ಕೂತೆ.

ಓದಿದಾಗ ಗೊತ್ತಾಗಿದ್ದು ಇಷ್ಟು. ಈ ಗಿಡಗಳು ನೀರು ಜಾಸ್ತಿಯಾಗಿ ಸಾಯುವುದಲ್ಲ, ನೀರು ನಿಂತು ಸಾಯುವುದು. ಬೇರಿಗೂ ಉಸಿರಾಡಲು ಗಾಳಿ ಬೇಕು. ಮಣ್ಣಿನ ಕಣಗಳ ನಡುವೆ ಸಣ್ಣ ಸಣ್ಣ ಸಂದುಗಳಿರುತ್ತವೆ. ನೀರು ಹಾಕಿದಾಗ ಅವು ತುಂಬುತ್ತವೆ, ನೀರು ಬಸಿದು ಹೋದಂತೆ ಅಲ್ಲಿಗೆ ಗಾಳಿ ಬರುತ್ತದೆ. ಬಸಿಯಲು ದಾರಿ ಇಲ್ಲದಿದ್ದರೆ, ಅಥವಾ ಬಸಿಯುವ ಮೊದಲೇ ಮತ್ತೆ ನೀರು ಬಿದ್ದರೆ, ಬೇರು ಉಸಿರುಕಟ್ಟುತ್ತದೆ. ಸೋತ ಬೇರಿಗೆ ಪಿಥಿಯಮ್, ಫೈಟಾಫ್ಥೊರಾ ಅನ್ನುವ ನೀರಿನಲ್ಲಿ ಈಜಿ ಬರುವ ಶಿಲೀಂಧ್ರದಂಥ ಜೀವಿಗಳು ಅಂಟಿಕೊಳ್ಳುತ್ತವೆ. ಬೇರು ಕೊಳೆತ ಮೇಲೆ ಗಿಡ ನೀರಿನ ನಡುವೆಯೇ ಇದ್ದರೂ ಕುಡಿಯಲಾರದು.

ಫೈಟಾಫ್ಥೊರಾ ಅನ್ನುವ ಹೆಸರು ನೋಡಿದ್ದೇ ನನಗೆ ಎಲ್ಲೋ ಗಂಟೆ ಹೊಡೆದಂತಾಯಿತು. ಅಡಿಕೆಯ ಕೊಳೆರೋಗ! ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುತ್ತದಲ್ಲ, ಅದಕ್ಕೆ ಕಾರಣ ಇದೇ ಬಳಗದ್ದು. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡುತ್ತಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ, 1910ರ ಹೊತ್ತಿಗೆ, ಕೊಳೆರೋಗವನ್ನು ಕೂಲಂಕಷವಾಗಿ ಅಧ್ಯಯನ ಮಾಡಿ ಬೋರ್ಡೋ ದ್ರಾವಣ ಹೊಡೆಯುವ ದಾರಿ ತೋರಿಸಿದವರು. ಹೆಬ್ಬಾಳದಲ್ಲಿ 1913ರಲ್ಲಿ ಶುರುವಾದ ಕೃಷಿ ಶಾಲೆಯ ಹಿಂದೆ ಇದ್ದವರೂ ಅವರೇ. ಇವತ್ತಿನ ಕೃಷಿ ವಿಶ್ವವಿದ್ಯಾಲಯದ ಬೇರು ಅಲ್ಲಿದೆ. ಅದರ ಜಿಕೆವಿಕೆ ಆವರಣ ನಮ್ಮನೆಯಿಂದ ಬಹಳ ದೂರವೇನಲ್ಲ. ಪ್ರತಿ ಮಳೆಗಾಲಕ್ಕೂ ಮುಂಚೆ ಅಪ್ಪ ಮೈಲುತುತ್ತು, ಸುಣ್ಣ ಕದಡುತ್ತಿದ್ದುದು, ಅಮ್ಮ ಹಂಡೆಗೆ ನೀರು ಹೊತ್ತು ತುಂಬುತ್ತಿದ್ದುದು ಕಣ್ಣ ಮುಂದೆ ಬಂತು.

ಅಮ್ಮನಿಗೆ ಹೇಳಿದೆ: "ಆ ಬಟ್ಟಲಿಗೆ ತಳದಲ್ಲಿ ತೂತೇ ಇರಲಿಲ್ಲಮ್ಮಾ. ನೀರು ಒಳಗೇ ನಿಂತು ಬೇರು ಕೊಳೆತಿದೆ. ಕೊಳೆರೋಗದ ಬಳಗದ್ದೇ ಅಂತೆ."

ಅಮ್ಮ ತಿರುಗಿ ನೋಡಿದಳು. "ಬಸಿಗಾಲುವೆ ಇಲ್ಲದ ತೋಟ ಅನ್ನು ಹಾಗಾದ್ರೆ! ಅದಕ್ಕೆ ನೀರು ಹಾಕಿದವರದ್ದೆಂತ ತಪ್ಪು, ತೋಟ ಮಾಡಿದವರದ್ದು."

ಅಷ್ಟೇ. ನಾನು ಒಂದು ವಾರ ಓದಿದ್ದನ್ನು ಅವಳು ಒಂದು ಮಾತಿನಲ್ಲಿ ಮುಗಿಸಿದಳು. ಮಲೆನಾಡಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಡಿಕೆಗೆ ನೀರು ಬೇಕೇ ಬೇಕು. ಆದರೆ ಸಾಲಿನ ನಡುವೆ ಬಸಿಗಾಲುವೆ ತೆಗೆಯದೆ ತೋಟ ಮಾಡುವವನನ್ನು ಊರು ನೋಡಿ ನಗುತ್ತದೆ. ಆಳಿಗೆ ಕೂಲಿ ಕೊಟ್ಟು ವರ್ಷಾ ವರ್ಷಾ ಹೂಳು ಎತ್ತಿಸುವುದು ನೀರು ಒಳಗೆ ಬರಲಿ ಅಂತಲ್ಲ, ಹೊರಗೆ ಹೋಗಲಿ ಅಂತ.

ಮಾರನೇ ದಿನ ಅಮ್ಮ ಮತ್ತೆ ಬಾಲ್ಕನಿಗೆ ಹೋದಳು. ಚೊಂಬು ಹಿಡಿದು ಅಲ್ಲ, ಒಂದೊಂದೇ ಕುಂಡ ಎತ್ತಿ ತಳ ನೋಡಲು!

* * *

ಅವತ್ತಿನಿಂದ ನಮ್ಮಲ್ಲಿ ನಡೆದುಕೊಂಡು ಬಂದ ಪದ್ಧತಿಯನ್ನು ಇಲ್ಲಿ ಬರೆಯುತ್ತೇನೆ. ಬಾಲ್ಕನಿಯಲ್ಲಿ ಗಿಡ ಇಟ್ಟವರಿಗೆ ಉಪಯೋಗವಾದೀತು.

ಮೊದಲನೆಯದು ಕುಂಡ. ತಳಕ್ಕೆ ತೂತು ಇರಲೇಬೇಕು. ಮಣ್ಣಿನ ಕುಂಡವಾದರೆ ಒಳ್ಳೆಯದು, ಗೋಡೆಯಿಂದಲೂ ನೀರು ಆರುತ್ತದೆ. ಪ್ಲಾಸ್ಟಿಕ್ ಆದರೆ ಆರಲು ತಡ, ಅಷ್ಟು ಲೆಕ್ಕ ಇಟ್ಟುಕೊಂಡರೆ ಸಾಕು. ಗಿಡಕ್ಕಿಂತ ಬಹಳ ದೊಡ್ಡ ಕುಂಡ ಬೇಡ. ಬೇರು ಮುಟ್ಟದ ಮಣ್ಣು ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಇನ್ನು, ತಳಕ್ಕೆ ಜಲ್ಲಿ ಹಾಕಿ ಮೇಲೆ ಮಣ್ಣು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಜ ಅದರ ಉಲ್ಟಾ. ಸಣ್ಣ ಸಂದಿನ ಮಣ್ಣು ಪೂರ್ತಿ ತೊಯ್ಯುವವರೆಗೂ ನೀರನ್ನು ದೊಡ್ಡ ಸಂದಿನ ಜಲ್ಲಿಗೆ ಬಿಟ್ಟುಕೊಡುವುದಿಲ್ಲ. ಹಾಗಾಗಿ ಒದ್ದೆ ಪದರ ಜಲ್ಲಿಯ ಮೇಲೆ, ಬೇರಿನ ಹತ್ತಿರಕ್ಕೇ ಬಂದು ಕೂರುತ್ತದೆ. ತೂತು ಮುಚ್ಚಿ ಮಣ್ಣು ಸೋರದಂತೆ ಒಂದು ಹೆಂಚಿನ ಚೂರು ಸಾಕು.

ಎರಡನೆಯದು ಮಣ್ಣು. ನಮ್ಮ ಯಲಹಂಕದ ಕೆಮ್ಮಣ್ಣು ಕುಂಡದಲ್ಲಿ ಒಣಗಿದರೆ ಇಟ್ಟಿಗೆ, ಒದ್ದೆಯಾದರೆ ಹಿಟ್ಟು. ಅದು ಒಂದು ಪಾಲು, ಗೊಬ್ಬರ ಒಂದು ಪಾಲು, ಉಳಿದ ಎರಡು ಪಾಲು ದಪ್ಪ ಮರಳು ಮತ್ತು ಕುಟ್ಟಿ ಜರಡಿ ಹಿಡಿದ ಇಟ್ಟಿಗೆ ಚೂರು. ಅಪಾರ್ಟ್‌ಮೆಂಟ್ ಕೆಲಸಕ್ಕೆ ಬರುವ ಎಂ-ಸ್ಯಾಂಡ್ ಆದರೆ ಎರಡು ಸಲ ತೊಳೆದು ಧೂಳು ತೆಗೆಯಬೇಕು, ಇಲ್ಲದಿದ್ದರೆ ಅದೇ ಸಿಮೆಂಟಿನಂತೆ ಸಂದು ಮುಚ್ಚುತ್ತದೆ. ಇದ್ದಿಲು ಇದ್ದರೆ ಒಂದು ಹಿಡಿ.

ಮೂರನೆಯದು ನೀರು. ಹಾಕುವಾಗ ಜಿಪುಣತನ ಬೇಡ! ಇಲ್ಲೇ ಆ ಚಮಚದ ಲೆಕ್ಕ ತಪ್ಪುವುದು. ಚಮಚದಲ್ಲಿ ಹಾಕಿದ ನೀರು ಮೇಲಿನ ಅರ್ಧ ಇಂಚು ನೆನೆಸಿ ಆರಿಹೋಗುತ್ತದೆ, ಕೆಳಗಿನ ಬೇರಿಗೆ ಸಿಗುವುದೇ ಇಲ್ಲ. ನಮ್ಮ ಬೋರ್‌ವೆಲ್ ನೀರಿನ ಉಪ್ಪೆಲ್ಲ ಮೇಲೆ ಬೆಳ್ಳಗೆ ಕೂರುತ್ತದೆ. ಅದರ ಬದಲು ಕುಂಡದ ಅಂಚಿನ ಸುತ್ತ ನಿಧಾನವಾಗಿ ಹಾಕುತ್ತಾ ಹೋಗಬೇಕು, ತಳದ ತೂತಿನಿಂದ ನೀರು ಹೊರಗೆ ಬರುವವರೆಗೆ. ನಾಲ್ಕಿಂಚಿನ ಕುಂಡಕ್ಕೆ ಒಂದು ದೊಡ್ಡ ಲೋಟ ಹಿಡಿಸುತ್ತದೆ. ಆಮೇಲೆ ಕೆಳಗಿನ ತಟ್ಟೆಯ ನೀರು ಚೆಲ್ಲಲೇಬೇಕು, ಅಥವಾ ದಾಸವಾಳಕ್ಕೆ ಹಾಕಿ. ಗುಲಾಬಿಯಂತೆ ಸುತ್ತಿಕೊಂಡ ಗಿಡವಾದರೆ ನಡುವೆ ನೀರು ನಿಲ್ಲಿಸಬಾರದು, ನಿಂತರೆ ಊದಿಬಿಡಿ. ಸ್ಪ್ರೇ ಬಾಟಲಿ ಹಿಡಿದು ಎಲೆಗೆ ಚಿಮುಕಿಸುವುದರಿಂದ ಈ ಗಿಡಗಳಿಗೆ ಏನೂ ಲಾಭವಿಲ್ಲ, ಇವು ಕುಡಿಯುವುದು ಬೇರಿನಿಂದ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಕಾಯುವುದು. ಮಣ್ಣು ತಳದವರೆಗೂ ಒಣಗುವ ತನಕ ಮತ್ತೆ ನೀರಿಲ್ಲ. ತಳ ಒಣಗಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ? ಇದಕ್ಕೆ ಅಮ್ಮನೇ ಉಪಾಯ ಹುಡುಕಿದಳು. ದೇವರ ಮುಂದೆ ಉರಿದು ಉಳಿದ ಊದುಬತ್ತಿಯ ಕಡ್ಡಿ. ಅಂಚಿನಲ್ಲಿ ತಳದವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯುವುದು. ಮಣ್ಣು ಅಂಟಿಕೊಂಡಿದ್ದರೆ, ಕಡ್ಡಿ ತಣ್ಣಗಿದ್ದರೆ ಇನ್ನೂ ಸಮಯ ಇದೆ. ಒಣಗಿ ಬಂದರೆ ನೀರು. ಇಡ್ಲಿ ಬೆಂದಿದೆಯಾ ನೋಡುವ ಲೆಕ್ಕವೇ, ಉಲ್ಟಾ ಏನಿಲ್ಲ :-) ಸ್ವಲ್ಪ ದಿನ ಅಭ್ಯಾಸವಾದರೆ ಕಡ್ಡಿಯೂ ಬೇಡ, ಕುಂಡ ಎತ್ತಿದರೆ ಭಾರದಲ್ಲೇ ತಿಳಿಯುತ್ತದೆ. ಗಿಡವೂ ಹೇಳುತ್ತದೆ: ಕೆಳಗಿನ ಎಲೆ ಸ್ವಲ್ಪ ಸುಕ್ಕಾಗಿ ಮೆದುವಾದರೆ ಬಾಯಾರಿಕೆ, ಹಳದಿಯಾಗಿ, ಗಾಜಿನಂತಾಗಿ, ಮುಟ್ಟಿದರೆ ಒಡೆಯುವಂತಿದ್ದರೆ ನೀರು ನಿಂತಿದೆ. ಬಾಯಾರಿಕೆಯ ಗಿಡ ಒಂದು ಸಲ ನೀರು ಕುಡಿದರೆ ಎರಡು ದಿನದಲ್ಲಿ ತುಂಬಿಕೊಳ್ಳುತ್ತದೆ. ಕೊಳೆತದ್ದು ಹಾಗಲ್ಲ. ಅನುಮಾನ ಬಂದರೆ ಕಾಯುವುದೇ ಲೇಸು ಅನ್ನುವುದು ಅದಕ್ಕೆ.

ಎಷ್ಟು ದಿನಕ್ಕೊಮ್ಮೆ ಅಂತ ಕೇಳಿದರೆ ನಮ್ಮ ಬಾಲ್ಕನಿಯ ಲೆಕ್ಕ ಹೇಳಬಲ್ಲೆ. ಮಾರ್ಚ್-ಏಪ್ರಿಲ್‌ನಲ್ಲಿ ಏಳರಿಂದ ಹತ್ತು ದಿನ. ಡಿಸೆಂಬರ್-ಜನವರಿಯ ಚಳಿಯಲ್ಲಿ ಎರಡರಿಂದ ಮೂರು ವಾರ. ಮಳೆಗಾಲದಲ್ಲಿ ಎರಚಲು ಬೀಳದ ಕಡೆ ಎತ್ತಿಟ್ಟು ಕಡ್ಡಿ ಹೇಳಿದಂತೆ. ಬ್ರಹ್ಮಕಮಲಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಅದು ಕಾಡಿನ ಮರದ ಮೇಲೆ ಬೆಳೆಯುವ ಕಳ್ಳಿ, ಮರುಭೂಮಿಯದ್ದಲ್ಲ, ಸ್ವಲ್ಪ ಬೇಗ ಬೇಗ ನೀರು ಕೇಳುತ್ತದೆ. ನಿಮ್ಮ ಮನೆಯ ಬಿಸಿಲು, ಗಾಳಿ, ಕುಂಡ ಬೇರೆ ಇರುತ್ತದೆ. ಕ್ಯಾಲೆಂಡರ್ ನೋಡಿ ನೀರು ಹಾಕಬೇಡಿ, ಮಣ್ಣು ನೋಡಿ ಹಾಕಿ.

* * *

ಇಷ್ಟು ದಿನ ನೀರಿಲ್ಲದೆ ಇವು ಬದುಕುವುದಾದರೂ ಹೇಗೆ ಅಂತ ಮಗಳು ಕೇಳಿದಳು. ಇದರ ಉತ್ತರದಲ್ಲಿ ನಮ್ಮ ಊರಿನ ಒಂದು ಕಥೆ ಇದೆ, ಕೇಳಿ.

ಸಾಮಾನ್ಯ ಗಿಡಗಳು ಎಲೆಯ ಸಣ್ಣ ರಂಧ್ರಗಳನ್ನು ಹಗಲು ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಳ್ಳುತ್ತವೆ. ತೆರೆದ ಬಾಗಿಲಿನಿಂದ ನೀರೂ ಆವಿಯಾಗಿ ಹೋಗುತ್ತದೆ. ಸಕ್ಯುಲೆಂಟ್‌ಗಳಲ್ಲಿ ಹೆಚ್ಚಿನವು ಹಗಲು ಬಾಗಿಲು ಹಾಕಿಕೊಂಡಿದ್ದು, ತಂಪಾದ ರಾತ್ರಿಯಲ್ಲಿ ತೆರೆಯುತ್ತವೆ. ಒಳಗೆ ತಂದ ಅನಿಲವನ್ನು ಮ್ಯಾಲಿಕ್ ಆಮ್ಲವಾಗಿ, ಅಂದರೆ ಹಸಿರು ಸೇಬಿನ ಹುಳಿಯಾಗಿ, ಎಲೆಯೊಳಗೆ ಕೂಡಿಡುತ್ತವೆ. ಬೆಳಗಾದ ಮೇಲೆ ಬಾಗಿಲು ಮುಚ್ಚಿ ಆ ಹುಳಿಯನ್ನು ಕರಗಿಸಿಕೊಂಡು ಬಿಸಿಲಿನಲ್ಲಿ ಆಹಾರ ಮಾಡಿಕೊಳ್ಳುತ್ತವೆ.

ಈ ಗುಟ್ಟಿನ ಮೊದಲ ಸುಳಿವುಗಳಲ್ಲಿ ಒಂದನ್ನು ಹಿಡಿದವರು ಬೆಂಜಮಿನ್ ಹೈನೆ ಅನ್ನುವ ಜರ್ಮನ್ ಸಸ್ಯಶಾಸ್ತ್ರಜ್ಞ. 1799ರಲ್ಲಿ ಟಿಪ್ಪು ಮಡಿದ ಮೇಲೆ ಲಾಲ್‌ಬಾಗ್ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತಲ್ಲ, ಆ ಮೊದಲ ವರ್ಷಗಳಲ್ಲಿ ತೋಟದ ಉಸ್ತುವಾರಿ ನೋಡಿಕೊಂಡವರು ಇವರು. ಭಾರತದಲ್ಲಿ ಎಲ್ಲೆಡೆ ಕಾಣುವ ಒಂದು ಗಿಡದ ಎಲೆ ಬೆಳಗ್ಗೆ ಹುಳಿ, ಮಧ್ಯಾಹ್ನ ರುಚಿಯೇ ಇಲ್ಲ, ಸಂಜೆ ಸ್ವಲ್ಪ ಕಹಿ ಅಂತ ಅವರು ಗಮನಿಸಿದ್ದರು. ಅದನ್ನು 1813ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಗೆ ಬರೆದು ತಿಳಿಸಿದರು. 1815ರಲ್ಲಿ ಅದು ಅಚ್ಚಾಯಿತು. ಗಿಡ ಯಾವುದು ಗೊತ್ತಾ? ನಮ್ಮ ಕಾಡುಬಸಳೆ! ಅಮ್ಮ ಪೇಪರಿನಲ್ಲಿ ಸುತ್ತಿಕೊಂಡು ಬಂದಿದ್ದು ಇನ್ನೂರು ವರ್ಷದ ಹಿಂದೆ ಲಾಲ್‌ಬಾಗಿನ ಆ ಸಾಹೇಬರ ನಾಲಗೆಗೆ ಹುಳಿಯಾಗಿ ತಾಗಿದ್ದ ಜಾತಿಯನ್ನೇ. (ನೀವು ರುಚಿ ನೋಡಲು ಹೋಗಬೇಡಿ, ಈ ಗಿಡದಲ್ಲಿ ಹೃದಯದ ಮೇಲೆ ಪರಿಣಾಮ ಮಾಡುವ ವಿಷಾಂಶ ಇದೆ. ತಿಂದ ದನಗಳು ಸತ್ತದ್ದೂ ಇದೆ.)

ಮಗಳಿಗೆ ಹೇಳುತ್ತಿದ್ದಾಗ ಪಕ್ಕದಲ್ಲಿ ಕೂತ ಅಮ್ಮ ಕೇಳಿಸಿಕೊಂಡು, "ಹಗಲೆಲ್ಲ ಬಾಗಿಲು ಹಾಕಿಕೊಂಡು ರಾತ್ರಿ ಉಸಿರು ಬಿಡ್ತದಾ, ಪಾಪ" ಅಂದಳು. ಅವಳು ಪಾಪ ಅಂದಿದ್ದು ಗಿಡಕ್ಕೋ ತನಗೋ ನಾನು ಕೇಳಲಿಲ್ಲ. ಹಗಲು ನಾವೆಲ್ಲ ಹೊರಗೆ ಹೋದ ಮೇಲೆ ಚಿಲಕ ಹಾಕಿಕೊಂಡು ಮನೆಯಲ್ಲಿರುವವಳು ಅವಳು.

* * *

ಆಮೇಲೆ 2024 ಬಂತು. ಬೆಂಗಳೂರಿನಲ್ಲಿದ್ದವರಾರೂ ಆ ಬೇಸಿಗೆ ಮರೆತಿರಲಾರರು. ಬೋರ್‌ವೆಲ್‌ಗಳು ಬತ್ತಿದವು, ಟ್ಯಾಂಕರ್ ದರ ಏರಿತು. ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕಾರು ತೊಳೆಯಲು, ಕೈತೋಟಕ್ಕೆ, ಕಟ್ಟಡ ಕೆಲಸಕ್ಕೆ ಬಳಸಬಾರದು, ಬಳಸಿದರೆ 5000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತು. ಏಪ್ರಿಲ್ ಪೂರ್ತಿ ನಗರದ ಹವಾಮಾನ ಕೇಂದ್ರದಲ್ಲಿ ಮಳೆಯೇ ದಾಖಲಾಗಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನೀರು.

ಅಮ್ಮನಿಗೆ ಆದೇಶ ಓದಿ ಹೇಳಿದೆ. "ಗಿಡಕ್ಕೆ ನೀರು ಹಾಕಿದ್ರೆ ದಂಡವಾ?" ಅಂತ ಎರಡು ಸಲ ಕೇಳಿದಳು. ಆಮೇಲೆ ಅವಳೇ ಲೆಕ್ಕ ಹಾಕಿದಳು. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು ಸೇರಿದರೆ ದಿನಕ್ಕೆ ಆರು ಲೀಟರ್. ಹೂವಿನ ಕುಂಡಗಳು ಕೇಳುವುದು ದಿನಕ್ಕೆ ಎರಡು ಬಕೆಟ್. ಹನ್ನೆರಡು ಸಕ್ಯುಲೆಂಟ್ ಕುಂಡಗಳಿಗೆ ಒಂದೊಂದು ದೊಡ್ಡ ಲೋಟದಂತೆ ಹತ್ತು ದಿನಕ್ಕೊಮ್ಮೆ ಮೂರು ಲೀಟರ್ ಸಾಕು. ಯಾವುದು ಉಳಿಯಬೇಕು ಅಂತ ತೀರ್ಮಾನಿಸಿದ್ದು ಅವಳು. ತುಳಸಿ ಇಟ್ಟುಕೊಂಡಳು, ದಾಸವಾಳದಲ್ಲಿ ಒಂದನ್ನು ಇಟ್ಟುಕೊಂಡಳು. ಮಲ್ಲಿಗೆಯನ್ನೂ ಉಳಿದ ದಾಸವಾಳಗಳನ್ನೂ ಬಾವಿ ಇರುವ ಪರಿಚಯದವರ ಮನೆಗೆ ಕೊಟ್ಟು ಕಳಿಸಿದಳು. ಆಟೋದಲ್ಲಿ ಕುಂಡಗಳನ್ನು ಇಡುವಾಗ ಅವಳ ಮುಖ ನೋಡಲಾಗಲಿಲ್ಲ. ಮಗಳನ್ನು ಗಂಡನ ಮನೆಗೆ ಕಳಿಸಿದ ಹಾಗೆ ಒಂದೊಂದರದ್ದೂ ಸ್ವಭಾವ ಹೇಳಿ ಕಳಿಸಿದಳು. ಆ ಮೇಲೆ ಬಾಲ್ಕನಿಯಲ್ಲಿ ಉಳಿದವು ಇವೇ, ನೀರು ಕೊಟ್ರೆ ಸಾಯೋ ಗಿಡಗಳು. ಒಂದೂ ಸಾಯಲಿಲ್ಲ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಉಲ್ಟಾ ಹೊಡೆಯಿತು. 21ರ ರಾತ್ರಿಯಿಂದ ಯಲಹಂಕದಲ್ಲಿ ಕೆಲವೇ ಗಂಟೆಗಳಲ್ಲಿ 150 ಮಿ.ಮೀ.ಗೂ ಹೆಚ್ಚು ಮಳೆ. ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನಿಂದ ಜನರನ್ನು ದೋಣಿಯಲ್ಲಿ ಹೊರಗೆ ತಂದಿದ್ದನ್ನು ನೀವೂ ಟೀವಿಯಲ್ಲಿ ನೋಡಿರಬಹುದು. ಮಾರ್ಚ್‌ನಲ್ಲಿ ಬಿಂದಿಗೆ ಹಿಡಿದು ನಿಂತ ಊರು ಅಕ್ಟೋಬರ್‌ನಲ್ಲಿ ದೋಣಿ ಹತ್ತಿತು! ನೀರು ಕಡಿಮೆಯೋ ಜಾಸ್ತಿಯೋ ಅನ್ನುವುದಲ್ಲ ಪ್ರಶ್ನೆ. ನಮ್ಮ ಹಿರಿಯರು ಕೆರೆ ಕಟ್ಟಿದಾಗ ಅದಕ್ಕೆ ತೂಬು, ಕೋಡಿ ಎರಡೂ ಇಟ್ಟಿದ್ದರು. ಕೋಡಿ ಬಿದ್ದ ನೀರು ರಾಜಕಾಲುವೆ ಹಿಡಿದು ಮುಂದಿನ ಕೆರೆಗೆ ಹೋಗುತ್ತಿತ್ತು. ಕಾಲುವೆಗಳು ಕಿರಿದಾಗಿ, ಮುಚ್ಚಿ, ಮೇಲೆ ಕಾಂಕ್ರೀಟು ಬಿದ್ದ ಮೇಲೆ ಉಳಿದಿದ್ದು ತೂತಿಲ್ಲದ ಪಿಂಗಾಣಿ ಬಟ್ಟಲು, ಮೇಲೊಂದಿಷ್ಟು ಬಣ್ಣದ ಕಲ್ಲು. ಅಮ್ಮ ಕಿಟಕಿಯಿಂದ ರಸ್ತೆ ನೋಡುತ್ತಾ, "ಬಸಿಗಾಲುವೆ ಎಲ್ಲಿ ಇವರದ್ದು?" ಅಂದಳು.

ಆ ವಾರದಲ್ಲೇ ಅಪ್ಪನ ಕಾಡುಬಸಳೆಗೆ ಗಂಡಾಂತರ ಬಂತು. ಬಿಸಿಲು ಚೆನ್ನಾಗಿ ಬೀಳಲಿ ಅಂತ ಅದನ್ನು ಟೆರೇಸಿನಲ್ಲಿ ಇಟ್ಟಿದ್ದೆವು. ನೀರು ನೆಲಕ್ಕೆ ಇಳಿಯಬಾರದು ಅಂತ ಯಾರೋ ಪುಣ್ಯಾತ್ಮರು ಅದರ ಕೆಳಗೊಂದು ಆಳದ ಪ್ಲಾಸ್ಟಿಕ್ ತಟ್ಟೆ ಇಟ್ಟು ಉಪಕಾರ ಮಾಡಿದ್ದರು. ತಿಂಗಳ ನಡುವಿನಿಂದಲೇ ಹಿಡಿದ ಮಳೆಯಲ್ಲಿ ಕುಂಡ ಒಂದು ವಾರ ನೀರಿನಲ್ಲಿ ನಿಂತಿತ್ತು. ಕೆಳಗೆ ತಂದಾಗ ಬುಡ ಕಪ್ಪಗಾಗಿತ್ತು, ಕೆಳಗಿನ ಎಲೆಗಳು ಉದುರಿದ್ದವು.

ಅಮ್ಮ ಒಂದು ಮಾತೂ ಆಡಲಿಲ್ಲ. ಚಾಕು ತೊಳೆದು ತಂದಳು. ಕಪ್ಪು ಭಾಗ ದಾಟಿ, ಒಳಗೆ ಪೂರ್ತಿ ಹಸಿರು-ಬಿಳಿ ಕಾಣುವವರೆಗೆ ಕತ್ತರಿಸಿದಳು. ಉಳಿದಿದ್ದು ಗೇಣುದ್ದದ ತುದಿ. ಅದನ್ನು ನೆರಳಿನಲ್ಲಿ ಪೇಪರಿನ ಮೇಲೆ ಮಲಗಿಸಿದೆವು, ಗಾಯ ಒಣಗಿ ಗಟ್ಟಿ ಚರ್ಮ ಕಟ್ಟುವ ತನಕ. ಐದು ದಿನದ ಮೇಲೆ ಒಣಮಣ್ಣಿನಲ್ಲಿ ನೆಟ್ಟದ್ದಾಯಿತು. ನೆಟ್ಟ ಮೇಲೂ ತಕ್ಷಣ ನೀರು ಹಾಕುವಂತಿಲ್ಲ, ಒಂದು ವಾರವಾದರೂ ಕಾಯಬೇಕು. ಬೇರೇ ಇಲ್ಲದಾಗ ನೀರು ಕೊಟ್ಟರೆ ಕತ್ತರಿಸಿದ ಜಾಗವೇ ಕೊಳೆಯುತ್ತದೆ.

ಆ ದಿನಗಳು ಅಮ್ಮನಿಗೆ ಹೇಗಿದ್ದವು ಅಂತ ನಾನು ನೋಡಿದ್ದೇನೆ. ಬಾಡಿದ ಗಿಡ ಎದುರಿಗಿದೆ, ಕೈಯಳತೆಯಲ್ಲಿ ಚೊಂಬಿದೆ, ಈಗ ನಲ್ಲಿಯಲ್ಲಿ ನೀರೂ ಇದೆ. ಆರೂವರೆಗೆ ಬಂದು ಕುಂಡದ ಮುಂದೆ ಮೋಡಾ ಹಾಕಿಕೊಂಡು ಕೂರುತ್ತಿದ್ದಳು. ಮೆಲ್ಲಗೆ ಎಲೆ ಮುಟ್ಟಿ ನೋಡುತ್ತಿದ್ದಳು. ಏನೋ ಮಾತಾಡುತ್ತಿದ್ದಳು. ಎದ್ದು ಒಳಗೆ ಹೋಗುತ್ತಿದ್ದಳು. ಕೊನೆಯ ದಿನಗಳಲ್ಲಿ ಅಪ್ಪನ ಹಾಸಿಗೆಯ ಪಕ್ಕ ಕೂತಿದ್ದಾಗಲೂ ಹೀಗೇ, ಮಾಡಲು ಏನೂ ಇಲ್ಲದಿದ್ದರೂ ಎದ್ದು ಹೋಗುತ್ತಿರಲಿಲ್ಲ. ಆರೈಕೆ ಅಂದರೆ ಏನಾದರೂ ಮಾಡುತ್ತಲೇ ಇರುವುದು ಅಂತ ನಾವು ತಿಳಿದುಕೊಂಡಿರುತ್ತೇವೆ. ದಿನಾ ಹೋಗಿ ನೋಡುವುದು, ನೋಡಿದ ಮೇಲೆ ಇವತ್ತು ಬೇಡ ಅಂತ ಕೈ ಹಿಂದಕ್ಕೆ ತೆಗೆದುಕೊಳ್ಳುವುದು ಕೂಡ ಅದರದ್ದೇ ಭಾಗ ಅಂತ ನನಗೆ ಗೊತ್ತಾಗಿದ್ದು ಅಮ್ಮ ಹಾಗೆ ಕೂತಿದ್ದನ್ನು ನೋಡಿ.

ನೆಟ್ಟ ಎಂಟನೇ ದಿನ ಮೊದಲ ಲೋಟ ನೀರು. ಮೂರನೇ ವಾರ ಮೆಲ್ಲಗೆ ಎಳೆದರೆ ಗಿಡ ಕದಲಲಿಲ್ಲ, ಒಳಗೆ ಬೇರು ಹಿಡಿದಿತ್ತು. ಸುಳಿಯಲ್ಲಿ ಎರಡು ಹೊಸ ಎಲೆ. ಅಷ್ಟರಲ್ಲಿ ಉದುರಿದ ಎಲೆಗಳಲ್ಲಿ ಚೆನ್ನಾಗಿದ್ದ ನಾಲ್ಕನ್ನು ಅಮ್ಮ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದು, ಅವುಗಳಲ್ಲೂ ಮರಿ ಬಂದಿದ್ದವು.

ಈಗ ನಮ್ಮ ಬಾಲ್ಕನಿಯಲ್ಲಿ ಕಾಡುಬಸಳೆಯದ್ದೇ ಐದು ಕುಂಡಗಳಿವೆ, ಎಲ್ಲದರ ತಳಕ್ಕೂ ಮೂರು ಮೂರು ತೂತು. ಪಕ್ಕದ ಬ್ಲಾಕಿನ ಹುಡುಗಿಯರು ಗಿಡ ಹಿಡಿದುಕೊಂಡು "ಅಜ್ಜೀ, ಇದಕ್ಕೇನಾಗಿದೆ ನೋಡಿ" ಅಂತ ಬರುತ್ತಾರೆ. ಅಮ್ಮ ಗಿಡ ನೋಡುವುದಿಲ್ಲ, ಮೊದಲು ಕುಂಡ ತಿರುಗಿಸಿ ತಳ ನೋಡುತ್ತಾಳೆ. ತೂತಿಲ್ಲದಿದ್ದರೆ ಬೈಗುಳ, ಇದ್ದರೆ ಒಂದು ಊದುಬತ್ತಿ ಕಡ್ಡಿ ಕೊಟ್ಟು ಪಾಠ. ಹೋಗುವಾಗ ಒಂದು ಎಲೆಯನ್ನೂ ಕೊಡುತ್ತಾಳೆ.

ನಿಮ್ಮ ಮನೆಯಲ್ಲಿ ಗಿಡಕ್ಕೆ ನೀರು ಹಾಕುವವರು ಯಾರು? ಇವತ್ತು ಒಂದು ಕೆಲಸ ಮಾಡಿ. ನೀರು ಹಾಕುವ ಮೊದಲು ಒಂದೇ ಒಂದು ಕುಂಡ ಎತ್ತಿ ಅದರ ತಳ ನೋಡಿ. ಏನು ಕಂಡಿತು ಅಂತ ಹೇಳಿ, ಅಮ್ಮನಿಗೆ ಓದಿ ಹೇಳುತ್ತೇನೆ. ಮತ್ತೆ, ನಮ್ಮಲ್ಲಿಗೇ ಬರುವುದಾದರೆ ಆಟೋದವರಿಗೆ ಮರೆಯದೆ ಹೇಳಿ, ಯಲಹಂಕದ ಪುಟ್ಟೇನಹಳ್ಳಿ ಅಂತ :-)